ರೋಬೋಟ್ ತಪ್ಪು ಮಾಡಿದ ಮೇಲೆ: ಕ್ಷಮೆ, ವಿವರಣೆ, ಭರವಸೆ, ಕಡಿವಾಣ – ಯಾವುದು ಯಾವಾಗ?

ಗೋದಾಮಿನಲ್ಲಿ ರೋಬೋಟ್ ತೋಳು ಪೆಟ್ಟಿಗೆ ಎತ್ತಿ ಕನ್ವೇಯರ್ ಬೆಲ್ಟಿನ ಮೇಲೆ ಇಡುತ್ತದೆ. ಪಕ್ಕದಲ್ಲಿ ನಿಂತವರು ಸ್ಕ್ಯಾನ್ ಮಾಡಿ ಮುಂದಕ್ಕೆ ಬಿಡುತ್ತಾರೆ. ಬೆಳಗಿನಿಂದ ಸರಿಯಾಗಿದ್ದ ತೋಳು ಹನ್ನೊಂದು ಗಂಟೆಗೆ ಯಾವುದೋ ಬೇರೆ ಪೆಟ್ಟಿಗೆ ಎತ್ತಿಟ್ಟಿತು ಎಂದುಕೊಳ್ಳಿ. ಕೆಟ್ಟದ್ದು ಒಂದೇ ಪೆಟ್ಟಿಗೆ. ಆದರೆ ಅಲ್ಲಿಂದಾಚೆಗೆ ಸ್ಕ್ಯಾನ್ ಮಾಡುವವರು ಪ್ರತಿ ಪೆಟ್ಟಿಗೆಯನ್ನೂ ತಿರುಗಿಸಿ ನೋಡತೊಡಗಿದರೆ ಇಡೀ ಸಾಲು ಕುಂಟುತ್ತದೆ. ರೋಬೋಟ್ ಇದ್ದೂ ಇಲ್ಲದಂತೆ.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ, ಅದನ್ನು ಜನ ಮರೆಯುತ್ತಾರೆ. 2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಪಾಲ್ ರಾಬಿನೆಟ್, ಅಯಾನಾ ಹೊವಾರ್ಡ್, ಅಲನ್ ವ್ಯಾಗ್ನರ್ ಮತ್ತು ಸಂಗಡಿಗರು ಕಟ್ಟಡವೊಂದರಲ್ಲಿ ಹೊಗೆ ಬಿಟ್ಟು, ಬೆಂಕಿಯ ಗಂಟೆ ಬಾರಿಸಿ ನೋಡಿದರು. ದಾರಿ ತೋರಿಸಲು ನಿಂತ ರೋಬೋಟನ್ನು 26 ಮಂದಿಯೂ ಹಿಂಬಾಲಿಸಿದರು. ಅವರಲ್ಲಿ ಅರ್ಧದಷ್ಟು ಜನ ಕೆಲವೇ ನಿಮಿಷಗಳ ಹಿಂದೆ ಅದೇ ರೋಬೋಟ್ ದಾರಿ ತಪ್ಪಿದ್ದನ್ನು ಕಣ್ಣಾರೆ ಕಂಡಿದ್ದರು. ಹಾಗಾಗಿ ನಂಬಿಕೆಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೇರಿಸುವುದು ಈ ಬರಹದ ಗುರಿಯಲ್ಲ. ಯಂತ್ರಕ್ಕೆ ಎಷ್ಟು ಯೋಗ್ಯತೆ ಇದೆಯೋ ಅಷ್ಟೇ ನಂಬಿಕೆ ಉಳಿಯಬೇಕು. ಕೆಳಗಿನ ಆಯ್ಕೆಗಳನ್ನೆಲ್ಲ ಈ ತಕ್ಕಡಿಯಲ್ಲೇ ತೂಗಿದ್ದೇವೆ.

ಮೊದಲು ತಪ್ಪಿನ ಜಾತಿ ತಿಳಿಯಿರಿ

ಮೇಯರ್, ಡೇವಿಸ್, ಶೂರ್ಮನ್ ಎಂಬ ಮೂವರು ನಂಬಿಕೆಗೆ ಮೂರು ಕಾಲು ಎಂದು 1995ರಲ್ಲಿ ಬರೆದರು: ಸಾಮರ್ಥ್ಯ, ನಮ್ಮ ಹಿತ ಬಯಸುವ ಮನಸ್ಸು, ಪ್ರಾಮಾಣಿಕತೆ. ಅವರು ಬರೆದದ್ದು ಮನುಷ್ಯರ ಬಗ್ಗೆ, ಆದರೆ ಯಂತ್ರದ ಪಕ್ಕ ದುಡಿಯುವವರ ಮನಸ್ಸೂ ಹೀಗೇ ಲೆಕ್ಕ ಹಾಕುತ್ತದೆ. ಮುರಿದ ಕಾಲು ಯಾವುದೆಂದು ನೋಡದೆ ಮದ್ದು ಹಚ್ಚಿದರೆ ಪ್ರಯೋಜನವಿಲ್ಲ.

ಸಾಮರ್ಥ್ಯದ ತಪ್ಪು ಅತಿ ಸಾಮಾನ್ಯ. ಗಾಳಿ ಹೀರಿ ಹಿಡಿಯುವ ರಬ್ಬರ್ ಬಟ್ಟಲಿನ ಅಂಚು ಸವೆದರೆ, ಅಥವಾ ಪೆಟ್ಟಿಗೆಯ ರಟ್ಟು ಒರಟಾಗಿದ್ದು ಗಾಳಿ ಸೋರಿದರೆ ಹಿಡಿತ ನಿಲ್ಲದೆ ಪೆಟ್ಟಿಗೆ ಬೀಳುತ್ತದೆ. ಹೊಳೆಯುವ ಪ್ಲಾಸ್ಟಿಕ್ ಸುತ್ತಿದ ಸರಕಿನ ಅಂಚು ಆಳ ಅಳೆಯುವ ಕ್ಯಾಮೆರಾಗೆ ಸರಿಯಾಗಿ ಕಾಣುವುದಿಲ್ಲ. ಎರಡು ಪೆಟ್ಟಿಗೆ ಒಂದೇ ಎಂದು ಬಗೆದು ನಡುವೆ ಕೈ ಹಾಕುತ್ತದೆ.

ಎರಡನೆಯದು ಆ ಮೂರು ಕಾಲುಗಳಲ್ಲಿ ಯಾವುದಕ್ಕೂ ನೇರವಾಗಿ ಸೇರದ, ಎಲ್ಲೆ ಮೀರಿದ ತಪ್ಪು: ಮಾಡಲಾಗದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದು. ಸಾಗಣೆ ರೋಬೋಟಿನ ಲೇಸರ್ ಕಣ್ಣು ನೆಲದಿಂದ ಗೇಣೆತ್ತರದಲ್ಲಿ ಒಂದೇ ಮಟ್ಟವನ್ನು ನೋಡುತ್ತಿದ್ದರೆ, ನೆಲಕ್ಕಂಟಿಕೊಂಡ ಫೋರ್ಕ್‌ಲಿಫ್ಟಿನ ಕವಲುಗಳು ಅದರ ಕೆಳಗೆ ಉಳಿಯುತ್ತವೆ, ಹೊರಚಾಚಿದ ಮೇಜಿನ ಹಲಗೆ ಮೇಲೆ ಉಳಿಯುತ್ತದೆ. ಎರಡಕ್ಕೂ ಅದು ಡಿಕ್ಕಿ ಹೊಡೆಯುತ್ತದೆ. ಇಲ್ಲಿ ತಪ್ಪು ಯಂತ್ರದ್ದಲ್ಲ, ಅದಕ್ಕೆ ಆ ದಾರಿ ಬರೆದುಕೊಟ್ಟವರದು. ಹಾಗಾಗಿ ಯಂತ್ರದ ಬಾಯಿಂದ ಕ್ಷಮೆ ಕೇಳಿಸುವುದು ಬರೀ ನಾಟಕ.

ಮೂರನೆಯದು ಪ್ರಾಮಾಣಿಕತೆಯ ತಪ್ಪು, ಎಲ್ಲಕ್ಕಿಂತ ದುಬಾರಿ. ಪರದೆಯಲ್ಲಿ ‘ಕೆಲಸ ಮುಗಿಯಿತು’ ಎಂದು ಹಸಿರು ಬಂತು, ಹೋಗಿ ನೋಡಿದರೆ ಮುಗಿದಿಲ್ಲ. ಇದರ ದೊಡ್ಡ ರೂಪ ಸಾನ್ ಫ್ರಾನ್ಸಿಸ್ಕೊದಲ್ಲಿ ಕಂಡಿತು. 2023ರ ಅಕ್ಟೋಬರ್ 2ರಂದು ಬೇರೊಬ್ಬರು ಓಡಿಸುತ್ತಿದ್ದ ಕಾರು ಪಾದಚಾರಿ ಮಹಿಳೆಯೊಬ್ಬರಿಗೆ ಗುದ್ದಿತು. ಅವರು ಬಂದು ಬಿದ್ದದ್ದು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ. ಆ ಕಾರು ನಿಂತು, ಮತ್ತೆ ರಸ್ತೆಯ ಬದಿಗೆ ಸರಿಯಲು ಹೊರಟು ಅವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಅದೇ ತಿಂಗಳ 24ರಂದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಅನುಮತಿ ಅಮಾನತುಗೊಳಿಸಿತು. ಕೊಟ್ಟ ಕಾರಣಗಳಲ್ಲಿ ಸುರಕ್ಷತೆಯ ಬಗ್ಗೆ ಕಂಪನಿ ತಪ್ಪು ಚಿತ್ರ ಕೊಟ್ಟಿದೆ ಎಂಬುದೂ ಒಂದು. 2024ರ ಡಿಸೆಂಬರಿನಲ್ಲಿ ಮಾತೃ ಕಂಪನಿ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ಯೋಜನೆಗೆ ಹಣ ಹಾಕುವುದನ್ನೇ ನಿಲ್ಲಿಸಿತು. ಎಳೆದೊಯ್ದದ್ದು ಸಾಮರ್ಥ್ಯದ ತಪ್ಪು, ತಂತ್ರಾಂಶ ತಿದ್ದಿ ಸರಿಪಡಿಸಬಹುದಿತ್ತು. ಪೂರ್ತಿ ಹೇಳದೆ ಹೋದದ್ದಕ್ಕೆ ಅಂಥ ತಿದ್ದುಪಡಿ ಇಲ್ಲ.

ಯಾವ ಜಾತಿಯ ತಪ್ಪು ಎಂದು ತಿಳಿಯಲು ಸಾಕ್ಷ್ಯ ಬೇಕು. ಯಂತ್ರವನ್ನು ಆಫ್ ಮಾಡಿ ಆನ್ ಮಾಡುವ ಮೊದಲೇ ಆ ಕ್ಷಣದ ಕ್ಯಾಮೆರಾ ಚಿತ್ರ, ಹಿಡಿತದ ಗಾಳಿಯೊತ್ತಡ, ತಂತ್ರಾಂಶದ ಆವೃತ್ತಿ, ಸಮಯ, ಪೆಟ್ಟಿಗೆಯ ಕೋಡ್ ಎಲ್ಲವನ್ನೂ ಪ್ರತಿ ಮಾಡಿಡಿ. ಹಲವು ಯಂತ್ರಗಳಲ್ಲಿ ರೀಸೆಟ್ ಒತ್ತಿದ ಕೂಡಲೇ ಆ ಕ್ಷಣದ ಸ್ಥಿತಿ ಅಳಿಸಿಹೋಗುತ್ತದೆ. ಆಮೇಲೆ ಹೇಳುವ ಯಾವ ವಿವರಣೆಯೂ ಊಹೆಯೇ.

ಮನುಷ್ಯರಿಗೆ ತಾಗಿದ್ದರೆ ಮುಂದಿನ ಹೋಲಿಕೆ ಅನ್ವಯಿಸುವುದಿಲ್ಲ. ನಿಲ್ಲಿಸಿ, ವಿದ್ಯುತ್ ಕಡಿದು ಬೀಗ ಹಾಕಿ, ಸುರಕ್ಷತಾ ಹೊಣೆ ಹೊತ್ತವರು ಲಿಖಿತವಾಗಿ ಬಿಡುಗಡೆ ಮಾಡುವವರೆಗೆ ಚಾಲೂ ಮಾಡಬೇಡಿ. ಬೇಲಿಯೊಳಗೆ ಹೋಗಿ ಪರೀಕ್ಷಿಸುವುದಿದ್ದರೆ ಕೈಚಾಲನೆಯ ನಿಧಾನಗತಿಯಲ್ಲೇ, ಅಂದರೆ ಕೈಗಾರಿಕಾ ರೋಬೋಟುಗಳ ಸುರಕ್ಷತೆಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10218 ಹೇಳುವ ಸೆಕೆಂಡಿಗೆ 250 ಮಿಲಿಮೀಟರ್ ಮಿತಿಯೊಳಗೆ.

ಕ್ಷಮೆ

ಅಗ್ಗದ ಮದ್ದು, ಬೇಗ ಸಿಗುವ ಮದ್ದು. ಸಾಮರ್ಥ್ಯದ ಸಣ್ಣ ತಪ್ಪಿಗೆ, ಮೊದಲ ಸಲಕ್ಕೆ ಸರಿ. ತಪ್ಪನ್ನು ಯಂತ್ರ ತಾನೇ ಗುರುತಿಸಿದೆ ಎಂಬ ಸುದ್ದಿಯೇ ಇದರಲ್ಲಿರುವ ನಿಜವಾದ ಸರಕು. ವಿನಯ ಅಲಂಕಾರ ಮಾತ್ರ. ಬೇರೆ ಪೆಟ್ಟಿಗೆ ಎತ್ತಿ, ಅದು ಗೊತ್ತೇ ಆಗದೆ ಮುಂದುವರಿದ ಯಂತ್ರ, ಎತ್ತಿದ ಮೇಲೆ ‘ತಪ್ಪು ಪೆಟ್ಟಿಗೆ’ ಎಂದು ನಿಲ್ಲುವ ಯಂತ್ರಕ್ಕಿಂತ ಬಹಳ ಕೆಳಗೆ.

ಕನ್ನಡದಲ್ಲಿ ಇದಕ್ಕೊಂದು ಬಲೆ ಇದೆ. ‘ತಪ್ಪಾಗಿದೆ’ ಎಂದರೆ ಯಾರಿಂದ ಎಂಬುದು ಜಾರಿಕೊಳ್ಳುತ್ತದೆ. ಕಚೇರಿಯ ಸುತ್ತೋಲೆಯ ಭಾಷೆ ಅದು. ಓದುವವರಿಗೆ ‘ನೀವೇ ಏನೋ ಮಾಡಿರಬೇಕು’ ಎಂದಂತೆಯೂ ಕೇಳುತ್ತದೆ. ‘ನಾನು ಬಿ-12ರ ಬದಲು ಬಿ-13 ಎತ್ತಿದೆ. ಕ್ಷಮಿಸಿ’ ಎಂದರೆ ಕರ್ತೃವೂ ಸಿಕ್ಕಿತು, ಏನಾಯಿತೆಂಬುದೂ ತಿಳಿಯಿತು. ‘ತುಂಬಾ ಬೇಸರವಾಗಿದೆ’ ಎಂದೆಲ್ಲ ಯಂತ್ರದಿಂದ ಹೇಳಿಸಬೇಡಿ, ಎರಡನೇ ದಿನಕ್ಕೆ ಅದು ಪಾಳಿಯ ನಗೆಹನಿಯಾಗುತ್ತದೆ. ಗದ್ದಲವಿರುವ ಕಡೆ ಧ್ವನಿಯನ್ನೇ ನೆಚ್ಚಬೇಡಿ. ಹಳದಿ ದೀಪ, ಪರದೆಯಲ್ಲಿ ಎರಡು ಸಾಲು, ಪೆಟ್ಟಿಗೆಯ ಚಿತ್ರ ಇರಲಿ. ಒಂದೇ ಸಾಲಿನಲ್ಲಿ ಕನ್ನಡ, ಹಿಂದಿ, ತೆಲುಗು ಮಾತನಾಡುವವರು ನಿಂತಿದ್ದರೆ ಚಿತ್ರವೇ ಗಟ್ಟಿ.

ವಿವರಣೆ

ನಮ್ಮ ಮಟ್ಟಿಗೆ ಬಾಯಿಮಾತಿನ ಆಯ್ಕೆಗಳಲ್ಲಿ ಇದೇ ಮೇಲು, ಆದರೆ ಒಂದು ಷರತ್ತಿನ ಮೇಲೆ: ಕೇಳಿದವರು ಮುಂದಿನ ತಪ್ಪನ್ನು ತಾವೇ ಮುಂಗಾಣುವಂತಿರಬೇಕು. ‘ದೋಷ ಸಂಖ್ಯೆ 4017’ ವಿವರಣೆಯಲ್ಲ. ‘ಮೇಲೆ ಹೊಳೆಯುವ ಪ್ಲಾಸ್ಟಿಕ್ ಇತ್ತು, ಎರಡು ಪೆಟ್ಟಿಗೆಯ ನಡುವಿನ ಗೆರೆ ಕಾಣಲಿಲ್ಲ. ಇಂಥದ್ದು ಬಂದರೆ ಮತ್ತೆ ತಪ್ಪಬಹುದು’ – ಇದು ವಿವರಣೆ. ಕಂಡದ್ದು ಏನು, ಎಡವಿದ್ದು ಏಕೆ, ಇನ್ನೆಲ್ಲಿ ಎಡವಬಹುದು ಎಂಬ ಮೂರೂ ಇದರಲ್ಲಿವೆ. ಮೂರನೆಯದನ್ನು ಬಿಡುವವರೇ ಹೆಚ್ಚು, ಬೆಲೆ ಇರುವುದು ಮಾತ್ರ ಅದಕ್ಕೇ. ಅದನ್ನು ಕೇಳಿದ ಕೆಲಸಗಾರರು ಎಲ್ಲ ಪೆಟ್ಟಿಗೆಗಳನ್ನೂ ಅನುಮಾನಿಸುವುದು ಬಿಟ್ಟು ಹೊಳೆಯುವವನ್ನು ಮಾತ್ರ ನೋಡುತ್ತಾರೆ.

ಎಚ್ಚರಿಕೆಯೂ ಇದೆ. ಮೇರಿ ಝಿಂಡೊಲೆಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಿತ್ರಗಳಲ್ಲಿ ಮರೆಸಿಟ್ಟ ಸೈನಿಕನನ್ನು ಹುಡುಕಲು ನೆರವಾಗುವ ಯಂತ್ರ ಏಕೆ ತಪ್ಪಬಹುದೆಂದು ತಿಳಿಸಿದಾಗ ಜನರ ನಂಬಿಕೆ ಏರಿತು. ಆ ನಂಬಿಕೆಗೆ ಯಂತ್ರ ಯೋಗ್ಯವಲ್ಲದಿದ್ದಾಗಲೂ ಏರಿತು. ಕಾರಣ ಗೊತ್ತಾದರೆ ಸಾಕು, ರೋಗವೇ ವಾಸಿಯಾಯಿತು ಎಂದು ಮನಸ್ಸು ಸಮಾಧಾನಪಡುತ್ತದೆ. ಆದ್ದರಿಂದ ವಿವರಣೆಯ ಜತೆಗೆ ‘ಇನ್ನೂ ಸರಿಪಡಿಸಿಲ್ಲ’ ಅಥವಾ ‘ಬಟ್ಟಲು ಬದಲಿಸಿದ್ದೇವೆ’ ಎಂಬ ಸ್ಥಿತಿಯೂ ಇರಲೇಬೇಕು.

ಭರವಸೆ

‘ಇನ್ನು ಹೀಗಾಗುವುದಿಲ್ಲ.’ ಕೇಳಲು ಇಂಪು. ಲೆಕ್ಕ ಹಾಕಿ ನೋಡಿ: ಪಾಳಿಗೆ 600 ಪೆಟ್ಟಿಗೆ, ನೂರಕ್ಕೆ 99.5 ಸರಿ ಎಂದರೆ ಸರಾಸರಿ ಪಾಳಿಗೆ 3 ತಪ್ಪು. ಬೆಳಿಗ್ಗೆ ಕೊಟ್ಟ ಮಾತು ಸಂಜೆಯೊಳಗೆ ಮುರಿಯುತ್ತದೆ. ಆಗ ಸಾಮರ್ಥ್ಯದ ಸಣ್ಣ ತಪ್ಪು ಮಾತು ತಪ್ಪಿದ ದೊಡ್ಡ ತಪ್ಪಾಗುತ್ತದೆ. ಫಲಿತಾಂಶದ ಬಗ್ಗೆ ಭರವಸೆ ಕೊಡದೆ ನಡತೆಯ ಬಗ್ಗೆ ಕೊಡಿ: ‘ಅನುಮಾನ ಬಂದರೆ ಎತ್ತುವ ಮೊದಲು ನಿಮ್ಮನ್ನು ಕೇಳುತ್ತೇನೆ.’ ಇದನ್ನು ಯಂತ್ರ ಉಳಿಸಿಕೊಳ್ಳಬಲ್ಲದು.

ನಿರಾಕರಣೆ

ಮನುಷ್ಯರ ನಡುವೆ ಇದಕ್ಕೂ ಜಾಗವಿದೆ. ಪ್ರಾಮಾಣಿಕತೆಯ ಮೇಲೆ ಆರೋಪ ಬಂದಾಗ, ನಿರಪರಾಧಿ ಎಂದು ಆಮೇಲೆ ಸಾಬೀತಾದರೆ, ಕ್ಷಮೆಗಿಂತ ನಿರಾಕರಣೆ ಹೆಚ್ಚು ಕೆಲಸ ಮಾಡುತ್ತದೆಂದು ಪೀಟರ್ ಕಿಮ್ ಮತ್ತು ಜತೆಗಾರರು 2004ರಲ್ಲಿ ತೋರಿಸಿದ್ದಾರೆ. ರೋಬೋಟಿಗೆ ಇದು ಬಹುಪಾಲು ಬೇಡ. ಒಂದೇ ಒಂದು ಅಪವಾದ: ತೋಳು ಎತ್ತಿದ್ದು ಪಟ್ಟಿಯಲ್ಲಿದ್ದ ಪೆಟ್ಟಿಗೆಯನ್ನೇ, ಪಟ್ಟಿಯೇ ತಪ್ಪು. ಆಗಲೂ ‘ನನ್ನ ತಪ್ಪಲ್ಲ’ ಎನ್ನದೆ ಪಟ್ಟಿಯ ಸಾಲನ್ನೂ ಎತ್ತಿದ ಪೆಟ್ಟಿಗೆಯ ಕೋಡನ್ನೂ ಪಕ್ಕಪಕ್ಕ ತೋರಿಸಿ. ತಪ್ಪನ್ನು ಪಕ್ಕದ ಕೆಲಸಗಾರರ ತಲೆಗೆ ಕಟ್ಟುವ ಯಂತ್ರವನ್ನು ತಂಡ ಮತ್ತೆ ಹತ್ತಿರ ಸೇರಿಸುವುದಿಲ್ಲ.

ಕಡಿವಾಣ: ಮಾತು ಬಿಟ್ಟು ಅಧಿಕಾರ ಕೊಡುವುದು

ತಪ್ಪಿದ ಮೇಲೆ ಯಂತ್ರದ ಸ್ವಾತಂತ್ರ್ಯವನ್ನು ಒಂದು ಮೆಟ್ಟಿಲು ಇಳಿಸಿ, ಪಕ್ಕದವರ ಕೈಗೆ ಹಿಡಿತ ಕೊಡುವುದು. ಬೆಲೆ ಹೆಚ್ಚು, ಫಲವೂ ಹೆಚ್ಚು. ಮುನ್ಸೂಚನೆ ಹೇಳುವ ಗಣಕಸೂತ್ರ ಒಮ್ಮೆ ತಪ್ಪಿದ್ದನ್ನು ಕಂಡವರು ಅದನ್ನು ಕೈಬಿಡುತ್ತಾರೆಂದು ತೋರಿಸಿದ ಬರ್ಕ್ಲಿ ಡೀಟ್‌ವೊರ್ಸ್ಟ್, ಜೋಸೆಫ್ ಸಿಮನ್ಸ್, ಕೇಡ್ ಮ್ಯಾಸಿ ಅವರೇ, ಅದರ ಉತ್ತರವನ್ನು ತುಸುವೇ ತಿದ್ದಲು ಬಿಟ್ಟರೆ ಸಾಕು, ಜನ ಒಪ್ಪಿ ಬಳಸುತ್ತಾರೆಂದು ಮುಂದೆ ತೋರಿಸಿದರು. ‘ಬಿಡು’, ‘ಬೇರೆ ಎತ್ತು’, ‘ನಾನೇ ಮಾಡುತ್ತೇನೆ’ ಎಂಬ ಮೂರು ಗುಂಡಿ ಕೈಗೆಟಕುವಲ್ಲಿದ್ದರೆ ಸಾಕು.

ಇದರ ಕಷ್ಟ ಎಣಿಕೆಯಲ್ಲಿದೆ. ಖಚಿತತೆಯ ಮಿತಿಯನ್ನು (ಯಂತ್ರಕ್ಕೆ ಎಷ್ಟು ಖಚಿತವಿದ್ದರೆ ಕೇಳದೆ ಎತ್ತಬಹುದು ಎಂಬ ಅಂಕಿ, ಪೂರ್ತಿ ಖಚಿತವೆಂದರೆ 1), ಉದಾಹರಣೆಗೆ, 0.80ರಿಂದ 0.92ಕ್ಕೆ ಏರಿಸಿದರೆ ತಪ್ಪು ಇಳಿಯುತ್ತದೆ, ‘ಕೇಳುವ’ ಸಂಖ್ಯೆ ಏರುತ್ತದೆ. 600ರಲ್ಲಿ 20 ಸಲ ಕೇಳುತ್ತಿದ್ದದ್ದು 90 ಸಲ ಕೇಳತೊಡಗಿ, ಒಂದೊಂದಕ್ಕೆ 15 ಸೆಕೆಂಡ್ ಹಿಡಿದರೆ 5 ನಿಮಿಷದ ಕೆಲಸ 22 ನಿಮಿಷಕ್ಕೂ ಮೇಲೆ ಹೋಯಿತು. ಅಷ್ಟು ಹೊತ್ತಿಗೆ ಜನ ಓದದೇ ‘ಸರಿ’ ಒತ್ತುವ ಅಭ್ಯಾಸಕ್ಕೆ ಬಿದ್ದಿರುತ್ತಾರೆ. ಮಿತಿಯನ್ನು ಎಲ್ಲ ಸರಕಿಗೂ ಏರಿಸುವ ಬದಲು ತಪ್ಪಿದ ಬಗೆಯ ಸರಕಿಗೆ ಮಾತ್ರ ಏರಿಸಿ.

ಮೌನ

ಹಿಡಿತ ಸಿಗದೆ ಯಂತ್ರ ತಾನೇ ಎರಡನೇ ಸಲ ಯತ್ನಿಸಿ ಸರಿಯಾಗಿ ಎತ್ತಿದರೆ ಏನೂ ಹೇಳಬೇಕಿಲ್ಲ, ಲಾಗ್‌ನಲ್ಲಿ ಬರೆದುಕೊಂಡರೆ ಸಾಕು. ಪ್ರತಿಯೊಂದಕ್ಕೂ ‘ಕ್ಷಮಿಸಿ’ ಎನ್ನುವ ಯಂತ್ರದ ದೊಡ್ಡ ಕ್ಷಮೆಯನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಯಾವಾಗ ಹೇಳಬೇಕು

ಏನು ಹೇಳಬೇಕೆಂದು ವಾರಗಟ್ಟಲೆ ಚರ್ಚಿಸುವವರು ಯಾವಾಗ ಎಂಬುದನ್ನು ಯೋಚಿಸುವುದೇ ಇಲ್ಲ. ರಾಬಿನೆಟ್, ಹೊವಾರ್ಡ್, ವ್ಯಾಗ್ನರ್ 2015ರಲ್ಲಿ ಗಣಕದೊಳಗಿನ ಕಟ್ಟಡದಲ್ಲಿ ಇದನ್ನೇ ಪರೀಕ್ಷಿಸಿದರು. ದಾರಿ ತಪ್ಪಿದ ಕೂಡಲೇ ರೋಬೋಟ್ ಹೇಳಿದ ಕ್ಷಮೆ, ಭರವಸೆಗಳು ನಾಟಲಿಲ್ಲ. ಅವೇ ಮಾತುಗಳನ್ನು, ಮುಂದೆ ಹಿಂಬಾಲಿಸಬೇಕೋ ಬೇಡವೋ ಎಂದು ನಿರ್ಧರಿಸುವ ಗಳಿಗೆಯಲ್ಲಿ ಹೇಳಿದಾಗ ಕೆಲಸ ಮಾಡಿದವು.

ಇದನ್ನು ಸಾಲಿಗೆ ಹೊಂದಿಸುವುದು ಹೀಗೆ. ತಪ್ಪಿದ ಕ್ಷಣದಲ್ಲಿ ನಿಲ್ಲುವುದು, ಹಳದಿ ದೀಪ, ಏನಾಯಿತೆಂಬ ಒಂದು ಸಾಲು, ಅಷ್ಟೇ. ಆಗ ಎದುರಿನವರ ಗಮನ ಬಿದ್ದ ಪೆಟ್ಟಿಗೆಯ ಮೇಲಿರುತ್ತದೆ, ಭಾಷಣ ಬೇಡ. ವಿವರಣೆ ಮತ್ತು ನಡತೆಯ ಭರವಸೆಯನ್ನು ಮುಂದಿನ ಸಲ ಅದೇ ಬಗೆಯ ಪೆಟ್ಟಿಗೆ ಬಂದಾಗ, ಎತ್ತುವ ಮೊದಲು ತೋರಿಸಿ: ‘ಹಿಂದೆ ಇಂಥದ್ದರಲ್ಲಿ ತಪ್ಪಿದೆ. ಈಗ ಬದಿಯಿಂದಲೂ ನೋಡುತ್ತಿದ್ದೇನೆ. ಎತ್ತಲೇ?’ ಪಾಳಿ ಬದಲಾಗುವಾಗಲೂ ಇದನ್ನು ದಾಟಿಸಬೇಕು. ರಾತ್ರಿ ಪಾಳಿಯವರಿಗೆ ತಪ್ಪಿನ ಸುದ್ದಿ ಟೀ ಅಂಗಡಿಯಲ್ಲಿ ಹತ್ತು ಪಟ್ಟು ಬೆಳೆದು ತಲುಪುತ್ತದೆ, ತಿದ್ದಿದ ಸುದ್ದಿ ತಲುಪುವುದೇ ಇಲ್ಲ. ಹಸ್ತಾಂತರದ ಫಲಕದಲ್ಲಿ ನಾಲ್ಕು ಕಲಂ ಹಾಕಿ: ಏನಾಯಿತು, ಏಕೆ, ಏನು ಬದಲಿಸಿದೆ, ಇನ್ನೂ ಯಾವುದರ ಮೇಲೆ ಕಣ್ಣಿಡಬೇಕು.

ಹೊಸ ರೋಬೋಟ್ ಬಂದ ಮೊದಲ ದಿನಗಳಿಗೆ ಇಮ್ಮಡಿ ಎಚ್ಚರ ಬೇಕು. ಮುಂಜಲ್ ದೇಸಾಯಿ ಮತ್ತು ಜತೆಗಾರರ 2013ರ ಪ್ರಯೋಗದಲ್ಲಿ ಆರಂಭದಲ್ಲಾದ ವೈಫಲ್ಯ, ಅಷ್ಟೇ ದೊಡ್ಡದಾದರೂ ತಡವಾಗಿ ಆದದ್ದಕ್ಕಿಂತ ಹೆಚ್ಚು ನಂಬಿಕೆ ಕೆಡಿಸಿತು. ಮೊದಲ ವಾರ ಸುಲಭದ ಸರಕನ್ನಷ್ಟೇ ಕೊಡಿ, ಪ್ರದರ್ಶನಕ್ಕೆಂದು ಕಠಿಣವಾದದ್ದನ್ನು ಕೊಟ್ಟು ಮುಗ್ಗರಿಸಬೇಡಿ.

ಮತ್ತೆ ಬಿಡುವುದು ಎಷ್ಟಾದ ಮೇಲೆ

‘ಒಂದು ದಿನ ನೋಡಿದೆವು, ಸರಿಯಿದೆ’ ಎನ್ನುವುದು ಅಳತೆಯಲ್ಲ. ಸಂಖ್ಯಾಶಾಸ್ತ್ರದ ಸರಳ ಸೂತ್ರವೊಂದು ಇಲ್ಲಿ ಸಾಕು: n ಸಲದಲ್ಲಿ ಒಂದೂ ತಪ್ಪಿಲ್ಲದಿದ್ದರೆ, ನಿಜವಾದ ತಪ್ಪಿನ ಪ್ರಮಾಣ ಹೆಚ್ಚೆಂದರೆ ಸುಮಾರು 3/n ಎಂದು ನೂರಕ್ಕೆ 95ರ ಖಾತ್ರಿಯಲ್ಲಿ ಹೇಳಬಹುದು. 300 ಪೆಟ್ಟಿಗೆ ತಪ್ಪಿಲ್ಲದೆ ಹೋದರೆ ‘ನೂರಕ್ಕೆ 1ಕ್ಕಿಂತ ಕಡಿಮೆ’ ಎನ್ನಬಹುದು. ಸಾವಿರಕ್ಕೆ 1ಕ್ಕಿಂತ ಕಡಿಮೆ ಎನ್ನಲು 3000 ಬೇಕು. ಎಣಿಸಬೇಕಾದದ್ದು ತಪ್ಪಿದ ಬಗೆಯ ಪೆಟ್ಟಿಗೆಗಳನ್ನು ಮಾತ್ರ. ಸಾಧಾರಣ ರಟ್ಟಿನ 3000 ಪೆಟ್ಟಿಗೆ ಎತ್ತಿದ್ದು ಹೊಳೆಯುವ ಪ್ಲಾಸ್ಟಿಕ್ಕಿನ ಬಗ್ಗೆ ಏನೂ ಹೇಳುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ.

ಮೆಟ್ಟಿಲುಗಳು ಹೀಗಿರಲಿ: ಮೊದಲ 100ಕ್ಕೆ ಪ್ರತಿ ಎತ್ತುಗೆಗೂ ಒಪ್ಪಿಗೆ, 300ರವರೆಗೆ ಯಂತ್ರ ತಾನೇ ಎತ್ತಲಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ, ಆಮೇಲೆ ಹತ್ತಕ್ಕೊಂದು ತಪಾಸಣೆ. ನಡುವೆ ಅದೇ ಕಾರಣಕ್ಕೆ ತಪ್ಪಿದರೆ ಎಣಿಕೆ ಸೊನ್ನೆಯಿಂದ. ಬೇರೆ ಕಾರಣಕ್ಕಾದರೆ ಬೇರೆ ಎಣಿಕೆ ಶುರು. ಈ ಎಣಿಕೆ ಕೆಲಸಗಾರರಿಗೂ ಕಾಣುವಂತೆ ಪರದೆಯ ಮೂಲೆಯಲ್ಲಿರಲಿ.

ನಂಬಿಕೆ ಮರಳಿತೇ ಎಂದು ತಿಳಿಯಲು ಪ್ರಶ್ನಾವಳಿಗಳಿವೆ. ಜಿಯಾನ್ ಮತ್ತು ಜತೆಗಾರರು 2000ದಲ್ಲಿ ಕೊಟ್ಟ 12 ಪ್ರಶ್ನೆಗಳದ್ದು ಹೆಚ್ಚು ಬಳಕೆಯಲ್ಲಿದೆ. ಆದರೆ ಮೇಲ್ವಿಚಾರಕರ ಎದುರು ಜನ ಬರೆಯುವುದೇ ಬೇರೆ, ಕೈ ಮಾಡುವುದೇ ಬೇರೆ. ನೂರು ಪೆಟ್ಟಿಗೆಗೆ ಎಷ್ಟನ್ನು ತಿರುಗಿಸಿ ನೋಡಿದರು, ಎಷ್ಟು ಸಲ ನಿಲ್ಲಿಸಿದರು, ಹಾಗೆ ನಿಲ್ಲಿಸಿದವುಗಳಲ್ಲಿ ನಿಜವಾಗಿ ತಪ್ಪಿದ್ದವು ಎಷ್ಟು ಎಂದು ಎಣಿಸಿ. ನಿಲ್ಲಿಸಿದ್ದು ಹೆಚ್ಚು, ತಪ್ಪು ಸಿಕ್ಕಿದ್ದು ಕಡಿಮೆ ಎಂದರೆ ಅಪನಂಬಿಕೆ ಇನ್ನೂ ಇದೆ. ತಪ್ಪು ಪೆಟ್ಟಿಗೆ ಮುಂದೆ ಹೋಗಿ ಪ್ಯಾಕಿಂಗ್‌ನಲ್ಲಿ ಸಿಗುತ್ತಿದ್ದರೆ ಅತಿನಂಬಿಕೆ ಬಂದಿದೆ, ಅದಕ್ಕೆ ಮದ್ದು ಬೇರೆ: ಗೊತ್ತಿದ್ದೂ ತಪ್ಪು ಪೆಟ್ಟಿಗೆಯೊಂದನ್ನು ಆಗಾಗ ಸಾಲಿಗೆ ಬಿಟ್ಟು ಹಿಡಿಯುತ್ತಾರೋ ನೋಡುವುದು. ಹೀಗೆ ಬಿಡುತ್ತೇವೆಂದು ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಅಪನಂಬಿಕೆ ಯಂತ್ರದಿಂದ ಮೇಲ್ವಿಚಾರಕರ ಕಡೆಗೆ ತಿರುಗುತ್ತದೆ.

ಮೂರನೇ ಸಲ

ಮಿಶಿಗನ್ ವಿಶ್ವವಿದ್ಯಾಲಯದ ಕಾನರ್ ಎಸ್ಟರ್‌ವುಡ್ ಮತ್ತು ಲಯನಲ್ ರಾಬರ್ಟ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಮೇಲೆ ಹೇಳಿದ ಪೆಟ್ಟಿಗೆ ಸಾಲಿನಂಥದ್ದೇ. 240 ಮಂದಿ, ಬೇರೆ ಪೆಟ್ಟಿಗೆ ಎತ್ತುವ ರೋಬೋಟ್, ಮೂರು ತಪ್ಪು, ಪ್ರತಿ ತಪ್ಪಿಗೂ ಕ್ಷಮೆ, ನಿರಾಕರಣೆ, ವಿವರಣೆ, ಭರವಸೆಗಳಲ್ಲಿ ಒಂದು. ಮೂರು ತಪ್ಪಿನ ನಂತರ ನಾಲ್ಕರಲ್ಲಿ ಯಾವುದೂ ನಂಬಿಕೆಯನ್ನು ಮೊದಲಿದ್ದ ಮಟ್ಟಕ್ಕೆ ಪೂರ್ತಿ ತರಲಿಲ್ಲ.

ಆದ್ದರಿಂದ ನಿಯಮ ಮೊದಲೇ ಬರೆದಿಡಿ. ಒಂದೇ ಕಾರಣದ ಮೊದಲ ತಪ್ಪಿಗೆ ಕ್ಷಮೆ ಮತ್ತು ವಿವರಣೆ. ಎರಡನೆಯದಕ್ಕೆ ಮಾತು ಬೇಡ, ಕಡಿವಾಣ. ಮೂರನೆಯದಕ್ಕೆ ಆ ಬಗೆಯ ಸರಕನ್ನು ರೋಬೋಟಿನ ಪಟ್ಟಿಯಿಂದ ತೆಗೆದು, ಕೈಯಿಂದ ಎತ್ತುವ ಸಾಲಿಗೆ ಹಾಕಿ, ಅಲ್ಲಿಗೆ ಒಬ್ಬರನ್ನು ಹೆಚ್ಚಿಗೆ ನಿಲ್ಲಿಸಿ. ಉಳಿದ ಸರಕಿನಲ್ಲಿ ಅದು ದುಡಿಯುತ್ತಿರಲಿ. ಬಟ್ಟಲು, ಕ್ಯಾಮೆರಾ, ದೀಪ ಇಲ್ಲವೇ ತಂತ್ರಾಂಶ ಬದಲಾದ ದಿನ ತೆಗೆದದ್ದನ್ನು ಮತ್ತೆ ಪಟ್ಟಿಗೆ ಸೇರಿಸಬಹುದು, ಆದರೆ ಮೊದಲ 100ರ ಮೆಟ್ಟಿಲಿನಿಂದಲೇ, ಮತ್ತು ಬದಲಿಸಿದ ಹಳೆಯ ಭಾಗವನ್ನು ಸಾಲಿನವರಿಗೆ ಕೈಯಲ್ಲಿ ಹಿಡಿದು ತೋರಿಸಿಯೇ. ಅಂಚು ಸವೆದ ರಬ್ಬರ್ ಬಟ್ಟಲನ್ನು ಒಮ್ಮೆ ಬೆರಳಿಂದ ಸವರಿ ನೋಡಿದವರಿಗೆ ಪರದೆಯ ವಿವರಣೆ ಬೇಕಾಗುವುದಿಲ್ಲ.